ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಮೊದಲ ಅಂಗಣ

ಜನರು ಬಿಟ್ಟುಹೋದ ನೆಲೆಯ ಗುರುತು ಯಾವ ರೂಪದಲ್ಲಿ ಉಳಿಯುವುದೆಂಬುದು ಚರಿತ್ರಕಾರನು ವಿಚಾರಿಸತಕ್ಕ ವಿಷಯ. ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ ನವಶಿಲಾಯುಗದ ದನಗಾಹಿಗಳ ದೊಡ್ಡಿಯ ಸಗಣಿಯು ಬೆಂದು ಬೂದಿಯ ದಿಬ್ಬವಾಗಿ ಉಳಿದಿರುವುದು. ಆ ಊರಿಗೆ ಸಮೀಪವಾದ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯನ್ನು ನಡೆಸುವ ಜೆ. ಎಸ್. ಡಬ್ಲ್ಯು. ಸಂಸ್ಥೆಯು 2013ರಲ್ಲಿ ಸ್ಥಾಪಿಸಿದ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಮೊದಲ ಅಂಗಣದ ವಿಷಯದಲ್ಲಿಯೂ ಇದೇ ಪ್ರಶ್ನೆಯು ಏಳುವುದು.

ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣವೇ ಆ ಅಂಗಣ. ಅದು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯದು. ಕ್ಲಬ್ಬು ತನ್ನ ಪ್ರಥಮ ಲೀಗ್ ಪಂದ್ಯವನ್ನು 2013ನೆಯ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ತಂಡದೊಡನೆ ಅಲ್ಲಿಯೇ ಆಡಿತು. ಪಂದ್ಯವು 1-1ರಿಂದ ಸಮವಾಯಿತು. ಆ ಋತುವಿನಲ್ಲಿಯೇ ಕ್ಲಬ್ಬಿಗೆ ಐ-ಲೀಗ್ ಪ್ರಶಸ್ತಿಯು ಲಭಿಸಿತು. ಆದರೆ ಪ್ರಶಸ್ತಿಯನ್ನು ನಿಶ್ಚಯಗೊಳಿಸಿದ ಜಯವು 2014ನೆಯ ಏಪ್ರಿಲಿನಲ್ಲಿ ಗೋವೆಯಲ್ಲಿ ಡೆಂಪೋ ತಂಡದ ಮೇಲೆ ದೊರೆತುದು. ಮರುಋತುವಿನಲ್ಲಿ ಕ್ಲಬ್ಬು ಸಂಪಂಗಿ ಕೆರೆಯ ನೆಲದ ಮೇಲೆ ನಿರ್ಮಿತವಾದ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ತೆರಳಿತು. ಹೀಗೆ ಹಳೆಯ ಅಂಗಣಕ್ಕೆ ಒಂದು ಋತುವಿನ ಸಹವಾಸವು ಮಾತ್ರ ದಕ್ಕಿತು. ವಿಜಯದ ದಿನವೂ ಅದರದಾಗಲಿಲ್ಲ.

ಆದರೂ ಅದರ ಗುರುತು ಅಳಿದಿಲ್ಲ. ಅಲ್ಲಿಯ ಪಡುವಣ ಪ್ರೇಕ್ಷಕಶ್ರೇಣಿಯಲ್ಲಿ ಕೂಡುತ್ತಿದ್ದ ಅಭಿಮಾನಿಗಳು ಅದರಿಂದಲೇ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಹೆಸರನ್ನು ತಳೆದರು. ಕಂಠೀರವಕ್ಕೆ ಬಂದ ಮೇಲೂ ಅದನ್ನು ಬಿಡಲಿಲ್ಲ. ಅಲ್ಲಿ ಓಟದ ಪಥವು ಅವರನ್ನು ಆಟದಿಂದ ದೂರ ಸರಿಸಿತು; ಹೆಸರು ಮಾತ್ರ ಜೊತೆಯಲ್ಲಿಯೇ ಬಂದಿತು. ಕುಡತಿನಿಯಲ್ಲಿ ಬೂದಿಯು ಹೇಳುವ ಸಾಕ್ಷ್ಯವನ್ನು ಇಲ್ಲಿ ಹೆಸರು ಹೇಳುವುದು. ಸ್ಥಳನಾಮಗಳಂತೆ ಸಂಘನಾಮಗಳೂ ಚರಿತ್ರೆಗೆ ಆಕರಗಳೆಂಬುದು ಇದರಿಂದ ವಿಶದವಾಗುವುದು.