37 ಕಿಲೋಮೀಟರ್ ಎಲ್ಲಿ ಹೋಯ್ತು?

ಆಫೀಸ್ ಕೆಲಸಕ್ಕೆ ಎರಡು ವಾರ ಟೋಕಿಯೋಗೆ ಹೋಗೋದು ಅಂತ ಆದಾಗ, ನಡುವಿನ ವಾರಾಂತ್ಯಕ್ಕೆ ಒಸಾಕಾ ನೋಡ್ಕೊಂಡು ಬರೋಣ ಅಂತ ಪ್ಲಾನ್ ಹಾಕಿದೆ. ಪ್ಲಾನ್ ಅಂದ್ರೆ ನಮ್ಮಂಥವರಿಗೆ ಗೊತ್ತಲ್ಲ, ಮೊದಲು ಒಂದು ಎಕ್ಸೆಲ್ ಶೀಟು. ಯಾವ ರೈಲು, ಎಷ್ಟು ಹೊತ್ತು, ಎಷ್ಟು ದುಡ್ಡು, ಎಷ್ಟು ದೂರ. ದುಡ್ಡಿನ ಲೆಕ್ಕ ಬೇಗ ಮುಗೀತು. 7 ದಿನದ ರೈಲ್ ಪಾಸ್ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿದೆ. ಟೋಕಿಯೋ–ಒಸಾಕಾ ಬರೀ ಹೋಗಿ ಬರೋಕೆ ಸುಮಾರು 29,000 ಸಾಕು. ಹಾಗಾಗಿ ಪಾಸ್ ಬೇಡ.

ಸಿಕ್ಕಿಹಾಕಿಕೊಂಡಿದ್ದು ದೂರದ ಕಾಲಮ್ಮಿನಲ್ಲಿ. ಟೋಕಿಯೋದಿಂದ ಶಿನ್-ಒಸಾಕಾಗೆ ಬುಲೆಟ್ ರೈಲಿನ ಹಳಿಯ ಉದ್ದ 515.4 ಕಿ.ಮೀ. ಆದರೆ ಟಿಕೆಟ್ ದರ ಲೆಕ್ಕ ಹಾಕೋದು 552.6 ಕಿ.ಮೀ.ಗೆ. ನಾವು ಪ್ರಯಾಣ ಮಾಡದೇ ಇರೋ 37 ಕಿ.ಮೀ.ಗೂ ದುಡ್ಡು ಕೊಡ್ತೀವಿ! ಎಲ್ಲೋ ಡೇಟಾ ತಪ್ಪಿದೆ ಅಂದುಕೊಂಡೆ. ತಪ್ಪಲ್ಲ. 552.6 ಅನ್ನೋದು ಪಕ್ಕದಲ್ಲೇ ಓಡುವ ಹಳೇ ತೊಕಾಯ್ದೊ ಮಾರ್ಗದ ಉದ್ದ. ಕಾಗದದ ಮೇಲೆ ಬುಲೆಟ್ ರೈಲು ಪ್ರತ್ಯೇಕ ಮಾರ್ಗವೇ ಅಲ್ಲ, ಹಳೇ ಮಾರ್ಗಕ್ಕೆ ಸೇರಿಸಿದ ಇನ್ನೆರಡು ಹಳಿ ಅಷ್ಟೇ. ಪ್ರಪಂಚದ ಮೊದಲ ಹೈಸ್ಪೀಡ್ ರೈಲನ್ನು ಸರ್ಕಾರದ ಕಡತದಲ್ಲಿ ‘ಹಳಿ ವಿಸ್ತರಣೆ’ ಅಂತ ಯಾಕೆ ಬರೆದರು? ಹುಡುಕುತ್ತಾ ಹೋದೆ. ಒಸಾಕಾದಲ್ಲಿ ಏನು ನೋಡಬೇಕು ಅನ್ನೋ ಕಾಲಮ್ ಕೊನೇವರೆಗೂ ಖಾಲಿಯೇ ಉಳೀತು.

ಕಥೆ ಶುರುವಾಗೋದು 1872ರಲ್ಲಿ. ಟೋಕಿಯೋದ ಶಿಂಬಾಶಿಯಿಂದ ಯೊಕೊಹಾಮಾಗೆ ಜಪಾನಿನ ಮೊದಲ ರೈಲು ಓಡಿತು. ಬ್ರಿಟಿಷ್ ಎಂಜಿನಿಯರುಗಳ ನೆರವಿನಲ್ಲಿ ಹಾಕಿದ ಆ ಹಳಿಗಳ ನಡುವಿನ ಅಗಲ 1067 ಮಿಲಿಮೀಟರ್. ನಮ್ಮ ಮೀಟರ್ ಗೇಜಿಗಿಂತ ಒಂದಿಷ್ಟು ಜಾಸ್ತಿ, ಇಂಗ್ಲೆಂಡಿನ 1435ಕ್ಕಿಂತ ಬಹಳ ಕಡಿಮೆ. ಬೆಟ್ಟಗುಡ್ಡದ ದೇಶ, ಕೈಯಲ್ಲಿ ದುಡ್ಡಿಲ್ಲ, ಸಣ್ಣ ಗೇಜು ಅಗ್ಗ. ಆ ಹೊತ್ತಿಗೆ ಸರಿಯಾದ ನಿರ್ಧಾರವೇ. 1889ಕ್ಕೆ ಅದೇ ಅಳತೆಯಲ್ಲಿ ಟೋಕಿಯೋದಿಂದ ಕೋಬೆವರೆಗೆ ಹಳಿ ಮುಟ್ಟಿತು. ಆಮೇಲೆ ಇಡೀ ದೇಶ ಅದರ ಮೇಲೇ ಕಟ್ಟಿಕೊಂಡಿತು.

ಶಿಮಾ ಯಸುಜಿರೋ ಅಂತ ಒಬ್ಬ ರೈಲ್ವೆ ಎಂಜಿನಿಯರ್ ಇದನ್ನು 1435ಕ್ಕೆ ಬದಲಿಸಬೇಕು ಅಂತ ಹಟ ಹಿಡಿದ. 1917ರಲ್ಲಿ ಯೊಕೊಹಾಮಾ ಕಡೆಯ ಒಂದು ಮಾರ್ಗದಲ್ಲಿ ಪ್ರಯೋಗವನ್ನೂ ಮಾಡಿ ತೋರಿಸಿದ. ಆದರೆ ಹಾರಾ ತಕಾಶಿ ಪ್ರಧಾನಿಯಾದ ಮೇಲೆ ಯೋಜನೆ ಬಿದ್ದುಹೋಯ್ತು. ಇರೋ ಹಳಿ ಅಗಲ ಮಾಡೋದಕ್ಕಿಂತ ಹಳ್ಳಿಹಳ್ಳಿಗೆ ಹೊಸ ಹಳಿ ಹಾಕಿದರೆ ವೋಟು ಬರುತ್ತೆ ಅನ್ನೋದು ಅವರ ಪಕ್ಷದ ಲೆಕ್ಕ. ಹಳ್ಳಿಯವನಾಗಿ ನಾನು ಇದನ್ನು ಪೂರ್ತಿ ತಪ್ಪು ಅನ್ನಲಾರೆ. ಯಸುಜಿರೋ 1919ರಲ್ಲಿ ರಾಜೀನಾಮೆ ಕೊಟ್ಟ. ಎರಡು ದಶಕದ ನಂತರ ಟೋಕಿಯೋ–ಶಿಮೊನೊಸೆಕಿ ‘ಬುಲೆಟ್ ರೈಲು’ ಯೋಜನೆಯ ಸಮಿತಿಗೆ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡಿದರು. ಜಾಗ ಖರೀದಿ ಆಯ್ತು, ಸುರಂಗ ಕೊರೆಯೋದೂ ಶುರುವಾಯ್ತು, ಯುದ್ಧದ ನಡುವೆ ಎಲ್ಲ ನಿಂತಿತು. 1946ರಲ್ಲಿ ಅವನು ತೀರಿಕೊಂಡ.

ಗೇಜ್ ಅನ್ನೋದು ಅರಸೀಕೆರೆ ಕಡೆಯ ನಮಗೆ ಹೊಸ ಪದವಲ್ಲ. ತೊಂಬತ್ತರ ದಶಕದಲ್ಲಿ, ನಾನಿನ್ನೂ ಚಿಕ್ಕವನಿದ್ದಾಗ, ನಮ್ಮ ಕಡೆ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕುತ್ತಿದ್ದರು. ರೈಲೇ ಇಲ್ಲ. ಅಪ್ಪ ಬಸ್ಸಿನ ಟಾಪ್ ಮೇಲೆ ಕೊಬ್ಬರಿ ಮೂಟೆ ಹೇರಿಸಿಕೊಂಡು ಹೋಗ್ತಿದ್ದಿದ್ದು ನೆನಪಿದೆ. ಇರೋ ಹಳಿಯನ್ನೇ ಬದಲಾಯಿಸೋದು ಅಂದ್ರೆ ಅದು. ಟೋಕಿಯೋ–ಒಸಾಕಾ ನಡುವೆ ಅಂಥದ್ದಕ್ಕೆ ಜಾಗವೇ ಇರಲಿಲ್ಲ. 1950ರ ದಶಕದಲ್ಲಿ ಈ ಒಂದು ಮಾರ್ಗ ದೇಶದ ರೈಲು ಜಾಲದ ಉದ್ದದಲ್ಲಿ ಸುಮಾರು ಶೇ. 3 ಮಾತ್ರ, ಆದರೆ ಹೊರುತ್ತಿದ್ದದ್ದು ಹೆಚ್ಚುಕಮ್ಮಿ ಕಾಲು ಭಾಗ ಸಂಚಾರವನ್ನು.

1955ರಲ್ಲಿ ಸೋಗೋ ಶಿಂಜಿ ಜಪಾನ್ ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷರಾದರು. ವಯಸ್ಸು 71! ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಯಸುಜಿರೋನ ಮಗ ಶಿಮಾ ಹಿದಿಯೊನನ್ನು ವಾಪಸ್ ಕರೆಸಿದ್ದು. ಮಗನೂ ರೈಲ್ವೆ ಎಂಜಿನಿಯರ್. 1951ರಲ್ಲಿ ಯೊಕೊಹಾಮಾದ ಸಕುರಾಗಿಚೊ ಸ್ಟೇಷನ್ನಿನಲ್ಲಿ ರೈಲಿಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ರೈಲ್ವೆ ಬಿಟ್ಟು ಹೋಗಿದ್ದ.

ಆಗ ಪ್ರಪಂಚವೆಲ್ಲ ರೈಲಿನ ಕಾಲ ಮುಗೀತು, ಇನ್ನೇನಿದ್ದರೂ ಕಾರು, ವಿಮಾನ ಅನ್ನುತ್ತಿತ್ತು. ಹೊಸ ಹಳಿ ಹಾಕೋದು ಪಿರಮಿಡ್, ಚೀನಾದ ಮಹಾಗೋಡೆ, ಯಮಾಟೊ ಯುದ್ಧನೌಕೆಗಳ ಸಾಲಿಗೆ ಸೇರುವ ದಂಡದ ಕೆಲಸ ಅಂತ ಗೇಲಿಯೂ ಆಯ್ತು. ರೈಲ್ವೆಯ ಒಳಗಿನವರೇ ಹಳೇ ಮಾರ್ಗದ ಪಕ್ಕ ಅದೇ ಸಣ್ಣ ಗೇಜಿನ ಇನ್ನೆರಡು ಹಳಿ ಸಾಕು ಅಂತಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಹಳೇ ಕೋಡಿಗೆ ಪ್ಯಾಚ್ ಹಾಕ್ರಪ್ಪಾ, ರೀರೈಟ್ ಯಾಕೆ ಅನ್ನೋ ವಾದ. ಸೋಗೋ ಕೂಡ ಹೊರಗೆ ‘ಹಳಿ ವಿಸ್ತರಣೆ’ ಅಂತಲೇ ಅಂದರು, ಒಳಗೆ ಪೂರ್ತಿ ಬೇರೆ ವ್ಯವಸ್ಥೆ ಕಟ್ಟಿಸಿದರು. ಅಗಲ ಗೇಜು, ಒಂದೂ ಲೆವೆಲ್ ಕ್ರಾಸಿಂಗ್ ಇಲ್ಲ, ಗೂಡ್ಸ್ ಇಲ್ಲ. ಆ 37 ಕಿಲೋಮೀಟರಿನ ಮೂಲ ಇದೇ.

ಇನ್ನು ಎಸ್ಟಿಮೇಟಿನ ಕಥೆ. ಸುಮಾರು 30,000 ಕೋಟಿ ಯೆನ್ ಬೇಕು ಅಂತ ಎಂಜಿನಿಯರುಗಳು ಲೆಕ್ಕ ಕೊಟ್ಟರು. ಇಷ್ಟು ಹೇಳಿದರೆ ಸಂಸತ್ತು ಒಪ್ಪಲ್ಲ, ಇಳಿಸಿ ಅಂದರು ಸೋಗೋ. ಮಂಜೂರಾದ ಅಂಕಿ 19,720 ಕೋಟಿ. 1959ರ ಏಪ್ರಿಲಿನಲ್ಲಿ ಕೆಲಸ ಶುರುವಾಯ್ತು. ಸರ್ಕಾರ ಬದಲಾದರೂ ಯೋಜನೆ ನಿಲ್ಲಬಾರದು ಅಂತ ವಿಶ್ವಬ್ಯಾಂಕಿನ ಸಾಲಕ್ಕೆ ಕೈಹಾಕಿದರು. ಸಾಲದ ಪತ್ರಕ್ಕೆ ಸಹಿ ಹಾಕಿದ ಮೇಲೆ ಹಿಂದೆ ಸರಿಯೋದು ದೇಶಕ್ಕೇ ಅವಮಾನ ಅನ್ನೋ ತಂತ್ರ. 1961ರಲ್ಲಿ 8 ಕೋಟಿ ಡಾಲರ್ ಸಿಕ್ಕಿತು. ಕಡೆಗೆ ಆದ ಖರ್ಚು 38,000 ಕೋಟಿ ಯೆನ್. ಹೆಚ್ಚುಕಮ್ಮಿ ಎರಡರಷ್ಟು.

ಇಲ್ಲಿ ನನಗೆ ಸ್ವಲ್ಪ ಕಸಿವಿಸಿ. ಹೋದ ವರ್ಷ ಒಂದು ಪ್ರಾಜೆಕ್ಟಿಗೆ ನಾನೇ 6 ವಾರ ಅಂತ ಹೇಳಿದ್ದೆ. 12 ವಾರವಾದರೂ ಬೇಕು ಅಂತ ಗೊತ್ತಿತ್ತು. ನಿಜ ಹೇಳಿದ್ದರೆ ಪ್ರಾಜೆಕ್ಟೇ ಬರ್ತಿರಲಿಲ್ಲ. 14 ವಾರ ಆಯ್ತು. ಕೆಲಸ ಚೆನ್ನಾಗೇ ಬಂತು, ಎಲ್ಲರೂ ಹೊಗಳಿದರು. ಆದರೆ ಆ 8 ವಾರದ ಶನಿವಾರ, ಭಾನುವಾರ ಹೋಗಿದ್ದು ನನ್ನದಲ್ಲ. ಆಗಷ್ಟೇ ಸೇರಿದ್ದ ಇಬ್ಬರು ಹುಡುಗರದ್ದು. ಅದರಲ್ಲಿ ಒಬ್ಬ ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ. ಸೋಗೋ ಅವರ ಕಥೆ ಓದಿದಾಗ ‘ಎಂಥಾ ಮನುಷ್ಯ!’ ಅಂತ ಅನ್ನಿಸಿದ್ದೂ ನಿಜ, ಆ ಹುಡುಗನ ಮುಖ ನೆನಪಾಗಿದ್ದೂ ನಿಜ. ಸೋಗೋ ಮಾಡಿದ್ದರಲ್ಲಿ ಒಂದು ವ್ಯತ್ಯಾಸ ಇದೆ, ಬಿಲ್ ಬಂದಾಗ ಅವರು ಅದನ್ನು ತಮ್ಮ ತಲೆಗೇ ಹಾಕಿಕೊಂಡರು. 1963ರಲ್ಲಿ ಕುರ್ಚಿ ಬಿಟ್ಟರು. ಬೆನ್ನಿಗೇ ಶಿಮಾ ಹಿದಿಯೊ ಕೂಡ ಬಿಟ್ಟ.

1964ರ ಅಕ್ಟೋಬರ್ 1, ಬೆಳಿಗ್ಗೆ 6 ಗಂಟೆ. ಒಲಿಂಪಿಕ್ಸಿಗೆ ಇನ್ನು 9 ದಿನ. ಟೋಕಿಯೋ ಸ್ಟೇಷನ್ನಿನಲ್ಲಿ ರಿಬ್ಬನ್ ಕತ್ತರಿಸಿ ಮೊದಲ ‘ಹಿಕಾರಿ’ ಹೊರಟಾಗ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೂ ಇರಲಿಲ್ಲ. ಹಿದಿಯೊ ಮನೆಯಲ್ಲಿ ಟಿವಿಯಲ್ಲಿ ನೋಡಿದ. ಹಳೇ ಮಾರ್ಗದ ಎಕ್ಸ್‌ಪ್ರೆಸ್ ಆರೂವರೆ ಗಂಟೆ ತಗೊಳ್ಳುತ್ತಿದ್ದ ದೂರವನ್ನು ಹೊಸ ರೈಲು 4 ಗಂಟೆಗೆ ಇಳಿಸಿತು. ಮಣ್ಣಿನ ದಿಬ್ಬಗಳು ಗಟ್ಟಿಯಾದ ಮೇಲೆ, ಮರುವರ್ಷ ಅದು 3 ಗಂಟೆ 10 ನಿಮಿಷ ಆಯ್ತು. ಈಗ ಸುಮಾರು ಎರಡೂವರೆ.

ಹೋಗೋರಿಗೆ ಇಷ್ಟು ಗೊತ್ತಿದ್ದರೆ ಸಾಕು. ನೀವು ಇಳಿಯೋದು ಒಸಾಕಾದಲ್ಲಲ್ಲ, ಶಿನ್-ಒಸಾಕಾದಲ್ಲಿ. ‘ಶಿನ್’ ಅಂದ್ರೆ ಹೊಸ. ಊರ ನಡುವಿನ ಹಳೇ ಸ್ಟೇಷನ್ನಿಗೆ ನುಗ್ಗಿದ್ದರೆ, ಮುಂದೆ ಪಶ್ಚಿಮಕ್ಕೆ ಹಳಿ ಎಳೆಯುವಾಗ ಯೊಡೊ ನದಿಯನ್ನು ಎರಡು ಸಲ ದಾಟಬೇಕಿತ್ತು. ಅದಕ್ಕೇ ನದಿಯ ಉತ್ತರಕ್ಕೇ ನಿಲ್ಲಿಸಿದರು. ಅಲ್ಲಿಂದ ಹಳೇ ಸಣ್ಣ ಗೇಜಿನ ರೈಲು ಹತ್ತಿ ಒಂದು ಸ್ಟೇಷನ್ ಹೋಗಬೇಕು. ಟಿಕೆಟ್ ಎರಡು, ಒಂದು ದೂರಕ್ಕೆ, ಒಂದು ವೇಗಕ್ಕೆ. ದೂರದ ಕಾಗದದ ಟಿಕೆಟಿನ ಮೇಲೆ ‘ಒಸಾಕಾ ನಗರ’ ಅಂತ ಇದ್ದರೆ ಆ ಕೊನೇ ಸ್ಟೇಷನ್ನಿಗೆ ಬೇರೆ ದುಡ್ಡಿಲ್ಲ. ಮೊಬೈಲಿನಲ್ಲಿ ಬುಕ್ ಮಾಡುವ ಆ್ಯಪ್ ಟಿಕೆಟಿಗೆ ಈ ಸೌಲಭ್ಯ ಇಲ್ಲ. ಜನವರಿಯಲ್ಲಿ ಹೋದರೆ ಸೆಕಿಗಾಹಾರಾ ಹತ್ತಿರ ಹಿಮ ಬಿದ್ದು ರೈಲು ನಿಧಾನ ಆಗಬಹುದು. ಸುಜುಕಾ ಬೆಟ್ಟ ಕೊರೆಯೋಕೆ ಆಗ ಟೈಮ್ ಇರಲಿಲ್ಲ, ಸುತ್ತು ಹಾಕಿ ಹೋದರು. ಅದರ ಬಾಕಿ ಈಗಲೂ ತೀರಿಸ್ತಿದ್ದಾರೆ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಬುಲೆಟ್ ರೈಲು ಓಡೋದಿಲ್ಲ, ಹಳಿ ರಿಪೇರಿಗೆ ಬಿಟ್ಟ ಹೊತ್ತು ಅದು. ಹಾಗಾಗಿ ನಮ್ಮ ಹಾಗೆ ರಾತ್ರಿ ಹತ್ತಿ ಮಲಗಿ ಬೆಳಿಗ್ಗೆ ಇಳಿಯೋ ಪ್ಲಾನ್ ಇದರಲ್ಲಿ ನಡೆಯಲ್ಲ.

ಟೋಕಿಯೋ ಸ್ಟೇಷನ್ನಿನಲ್ಲಿ 18-19ನೇ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಸೋಗೋ ಅವರ ಮುಖದ ಉಬ್ಬುಶಿಲ್ಪ ಇದೆ. ಶನಿವಾರ ಬೆಳಿಗ್ಗೆ ಬೇಗ ಹೋಗಿ ಹುಡುಕಿದೆ. ಅದರ ಮುಂದೆ ಜನ ಬೆಂಟೊ ಡಬ್ಬಿ ಹಿಡಿದುಕೊಂಡು ಕ್ಯೂ ನಿಂತಿದ್ದರು, ಯಾರೂ ತಿರುಗಿ ನೋಡಲಿಲ್ಲ. ನಾನು ಒಂದು ಫೋಟೋ ತೆಗೆದೆ. ರೈಲು ಬಂತು. ಫೂಜಿ ಕಾಣಲಿ ಅಂತ ಬಲಗಡೆ ಕಿಟಕಿಯ ಸೀಟೇ ಬುಕ್ ಮಾಡಿದ್ದೆ. ಮುಕ್ಕಾಲು ಗಂಟೆ ಆದಮೇಲೆ ನೋಡಿದರೆ ಪೂರ್ತಿ ಮೋಡ. ಫೋನ್ ತೆಗೆದು ಆ ಹುಡುಗನಿಗೆ ಒಂದು ಮೆಸೇಜ್ ಬರೆಯೋಕೆ ಕೂತೆ. ಶಿನ್-ಒಸಾಕಾ ಬರೋವರೆಗೂ ಬರೀತಾನೇ ಇದ್ದೆ.