ನೇಪಾಳ 2008: ಅರಸೊತ್ತಿಗೆ ಅಳಿದ ವರ್ಷ

ಆಧುನಿಕ ನೇಪಾಳದ ಇತಿಹಾಸವನ್ನು 2008ಕ್ಕೆ ಮುಂಚೆ ಮತ್ತು 2008ರ ನಂತರ ಎಂದು ವಿಭಾಗಿಸುವುದು ವಾಡಿಕೆ. ಆ ವರ್ಷ ಆರಂಭವಾದಾಗ ಕಠ್ಮಂಡುವಿನ ನಾರಾಯಣಹಿತಿ ಅರಮನೆಯಲ್ಲಿ ದೊರೆಯಿದ್ದರು. ವರ್ಷ ಮುಗಿಯುವ ಹೊತ್ತಿಗೆ ತೆರಾಯಿ ಬಯಲಿನ ವೈದ್ಯರೊಬ್ಬರು ರಾಷ್ಟ್ರಪತಿಯಾಗಿದ್ದರು. 2006ರವರೆಗೂ ಭೂಗತರಾಗಿದ್ದ ಬಂಡುಕೋರ ನಾಯಕ ಪ್ರಧಾನಿಯಾಗಿದ್ದರು. ಪೃಥ್ವಿ ನಾರಾಯಣ ಶಾಹ 1768ರಲ್ಲಿ ಕಠ್ಮಂಡುವನ್ನು ಗೆದ್ದು ನೆಲೆಗೊಳಿಸಿದ್ದ ವಂಶದ ಆಳ್ವಿಕೆ 240 ವರ್ಷಗಳ ನಂತರ ಮತದಾನದ ಮೂಲಕ ಕೊನೆಗೊಂಡಿತು. ಆದರೆ ಸಿಂಹಾಸನವನ್ನು ತೆಗೆದಷ್ಟು ಸುಲಭವಾಗಿ ಅದರ ಜಾಗದಲ್ಲಿ ಹೊಸ ವ್ಯವಸ್ಥೆಯನ್ನು ಕಟ್ಟಲಾಗದು ಎಂಬ ಪಾಠವನ್ನೂ ಅದೇ ವರ್ಷ ಕಲಿಸಿತು.

ಹಿನ್ನೆಲೆ

1996ರ ಫೆಬ್ರವರಿಯಲ್ಲಿ ಆರಂಭವಾದ ಮಾವೋವಾದಿ ಸಶಸ್ತ್ರ ಬಂಡಾಯ ಹತ್ತು ವರ್ಷಗಳಲ್ಲಿ 13 ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2001ರ ಜೂನ್ 1ರಂದು ಅರಮನೆಯಲ್ಲಿ ನಡೆದ ಹತ್ಯಾಕಾಂಡದಲ್ಲಿ ದೊರೆ ಬೀರೇಂದ್ರ ಮತ್ತು ಅವರ ಕುಟುಂಬದವರು ಸತ್ತ ಬಳಿಕ ಅವರ ಸೋದರ ಜ್ಞಾನೇಂದ್ರ ಪಟ್ಟಕ್ಕೆ ಬಂದರು. 2005ರ ಫೆಬ್ರವರಿ 1ರಂದು ಅವರು ಪಕ್ಷಗಳ ನಾಯಕರನ್ನು ಬದಿಗೆ ಸರಿಸಿ ಆಡಳಿತವನ್ನು ನೇರವಾಗಿ ಕೈಗೆತ್ತಿಕೊಂಡರು. ಅದುವರೆಗೂ ಪರಸ್ಪರ ಹಗೆಗಳಾಗಿದ್ದ ಸಂಸದೀಯ ಪಕ್ಷಗಳು ಮತ್ತು ಮಾವೋವಾದಿಗಳನ್ನು ಒಂದುಗೂಡಿಸಿದ್ದೇ ಈ ಹೆಜ್ಜೆ.

2006ರ ಏಪ್ರಿಲ್‌ನಲ್ಲಿ 19 ದಿನಗಳ ಕಾಲ ನಡೆದ ಜನಾಂದೋಲನಕ್ಕೆ ಮಣಿದ ದೊರೆ ಸಂಸತ್ತನ್ನು ಮರುಸ್ಥಾಪಿಸಿದರು. ಆ ಸಂಸತ್ತು ಮೇ ತಿಂಗಳಿನಲ್ಲಿ ನೇಪಾಳವನ್ನು ಜಾತ್ಯತೀತ ರಾಷ್ಟ್ರವೆಂದು ಘೋಷಿಸಿತು. ನವೆಂಬರ್ 21ರಂದು ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಿತು. ಮಾವೋವಾದಿ ಹೋರಾಟಗಾರರು ಶಿಬಿರಗಳಿಗೆ ತೆರಳಿದರು. ವಿಶ್ವಸಂಸ್ಥೆಯ ನಿಯೋಗ ಅವರಲ್ಲಿ 19,602 ಮಂದಿಯನ್ನು ಅರ್ಹರೆಂದು ದೃಢೀಕರಿಸಿತು. ಸಂವಿಧಾನ ರಚನಾ ಸಭೆಯ ಚುನಾವಣೆ 2007ರಲ್ಲಿ ಎರಡು ಬಾರಿ ಮುಂದೂಡಲ್ಪಟ್ಟಿತು. ವರ್ಷಾಂತ್ಯದಲ್ಲಿ, ಹೊಸ ಸಭೆಯ ಮೊದಲ ಬೈಠಕ್ಕಿನಲ್ಲೇ ಗಣರಾಜ್ಯವನ್ನು ಜಾರಿಗೆ ತರಬೇಕೆಂಬ ಷರತ್ತಿಗೆ ಪಕ್ಷಗಳೆಲ್ಲ ಒಪ್ಪಿದ ಬಳಿಕವಷ್ಟೇ ಮಾವೋವಾದಿಗಳು ಸರ್ಕಾರಕ್ಕೆ ಮರಳಿದರು.

ತೆರಾಯಿಯ ಮುಷ್ಕರ

ವರ್ಷದ ಮೊದಲ ಸವಾಲು ಎದುರಾದದ್ದು ದಕ್ಷಿಣದ ಬಯಲು ಸೀಮೆಯಿಂದ. ಭಾರತದ ಗಡಿಗುಂಟ ಹಬ್ಬಿರುವ ತೆರಾಯಿಯ ಮಧೇಶಿ ಜನರಿಗೆ ಆಡಳಿತದಲ್ಲಾಗಲಿ, ಸೇನೆಯಲ್ಲಾಗಲಿ ತಕ್ಕ ಪಾಲು ಸಿಕ್ಕಿರಲಿಲ್ಲ. ಮೈಥಿಲಿ, ಭೋಜಪುರಿ, ಅವಧಿ ಮಾತನಾಡುವ ಅವರನ್ನು ಗುಡ್ಡಗಾಡಿನ ಮೇಲ್ವರ್ಗದವರು ಹೊರಗಿನವರಂತೆ ಕಾಣುತ್ತಾರೆಂಬ ಅಸಮಾಧಾನ ಹಳೆಯದು. ಫೆಬ್ರವರಿ 13ರಿಂದ ಮೂರು ಮಧೇಶಿ ಪಕ್ಷಗಳು ಅನಿರ್ದಿಷ್ಟ ಬಂದ್ ಆರಂಭಿಸಿದವು. ಕಠ್ಮಂಡುವಿಗೆ ಇಂಧನ ಮತ್ತು ದಿನಸಿ ಬರುವ ಮುಖ್ಯ ಹಾದಿಗಳು ತೆರಾಯಿಯ ಮೂಲಕವೇ ಹಾದುಹೋಗುವುದರಿಂದ ರಾಜಧಾನಿಯಲ್ಲಿ ಪೆಟ್ರೋಲ್ ಬಂಕ್‌ಗಳ ಮುಂದೆ ಉದ್ದುದ್ದ ಸಾಲುಗಳು ಕಂಡುಬಂದವು. ಫೆಬ್ರವರಿ 28ರಂದು ಎಂಟು ಅಂಶಗಳ ಒಪ್ಪಂದವಾದ ಬಳಿಕ ಮುಷ್ಕರ ನಿಂತಿತು. ಚುನಾವಣೆಯ ದಾರಿ ತೆರೆಯಿತು.

ಏಪ್ರಿಲ್ 10ರ ಜನಾದೇಶ

ಸಂವಿಧಾನ ರಚನಾ ಸಭೆಯ ಒಟ್ಟು ಸ್ಥಾನಗಳು 601. ಅವುಗಳಲ್ಲಿ 240 ನೇರ ಚುನಾವಣೆಗೆ, 335 ಪಕ್ಷಗಳು ಪಡೆದ ಮತಪ್ರಮಾಣದ ಹಂಚಿಕೆಗೆ, 26 ನಾಮಕರಣಕ್ಕೆ ಮೀಸಲಾಗಿದ್ದವು. ಮಾವೋವಾದಿಗಳು ಮೂರನೇ ಸ್ಥಾನಕ್ಕೆ ಬರಬಹುದೆಂಬುದು ಬಹುತೇಕ ವಿಶ್ಲೇಷಕರ ಊಹೆಯಾಗಿತ್ತು. ಫಲಿತಾಂಶ ಎಲ್ಲರ ಲೆಕ್ಕಾಚಾರವನ್ನೂ ತಲೆಕೆಳಗು ಮಾಡಿತು. ಮಾವೋವಾದಿಗಳಿಗೆ 220, ನೇಪಾಳಿ ಕಾಂಗ್ರೆಸ್‌ಗೆ 110, ಯುಎಂಎಲ್ ಎಂದು ಕರೆಯಲ್ಪಡುವ ಸಂಯುಕ್ತ ಮಾರ್ಕ್ಸ್‌ವಾದಿ-ಲೆನಿನ್‌ವಾದಿ ಕಮ್ಯುನಿಸ್ಟ್ ಪಕ್ಷಕ್ಕೆ 103 ಮತ್ತು ಮಧೇಶಿ ಜನಾಧಿಕಾರ ಫೋರಂಗೆ 52 ಸ್ಥಾನಗಳು ಲಭಿಸಿದವು. ಯುಎಂಎಲ್ ಪ್ರಧಾನ ಕಾರ್ಯದರ್ಶಿ ಮಾಧವ ಕುಮಾರ್ ನೇಪಾಳ್ ಸ್ಪರ್ಧಿಸಿದ್ದ ಎರಡೂ ಕ್ಷೇತ್ರಗಳಲ್ಲಿ ಸೋತು ಹುದ್ದೆ ತ್ಯಜಿಸಿದರು. ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲಾ ಅವರ ಪುತ್ರಿ ಸುಜಾತಾ ಕೂಡ ಪರಾಭವಗೊಂಡರು. ಮಾವೋವಾದಿ ನಾಯಕ ಪ್ರಚಂಡ ಕಠ್ಮಂಡು ಹಾಗೂ ರೋಲ್ಪಾ ಎರಡರಲ್ಲೂ ಗೆದ್ದರು.

ಆದರೂ ಯಾರಿಗೂ ಬಹುಮತ ಬರಲಿಲ್ಲ. ಮತಪ್ರಮಾಣದ ಲೆಕ್ಕದಲ್ಲಿ ಮಾವೋವಾದಿಗಳ ಪಾಲು ಶೇ. 30ರ ಒಳಗೇ ಇತ್ತು. ಒಟ್ಟು 25 ಪಕ್ಷಗಳು ಸಭೆಗೆ ಪ್ರವೇಶ ಪಡೆದವು. ಇದಕ್ಕಿಂತ ಮುಖ್ಯವಾದ ಬದಲಾವಣೆ ಸದಸ್ಯರ ಮುಖಗಳಲ್ಲಿ ಕಾಣುತ್ತಿತ್ತು. 1999ರಲ್ಲಿ ಚುನಾಯಿತವಾದ 205 ಸದಸ್ಯರ ಪ್ರತಿನಿಧಿ ಸಭೆಯಲ್ಲಿ ಮಹಿಳೆಯರು ಕೇವಲ 12 ಇದ್ದರು; ಹೊಸ ಸಭೆಯಲ್ಲಿ ಅವರ ಸಂಖ್ಯೆ 197. ದಲಿತರು, ಜನಜಾತಿಗಳು, ಮಧೇಶಿಗಳು ಹಿಂದೆಂದೂ ಕಾಣದ ಪ್ರಮಾಣದಲ್ಲಿ ಆಯ್ಕೆಯಾದರು. ನೇಪಾಳದ ಶಾಸನಸಭೆ ಮೊದಲ ಬಾರಿಗೆ ನೇಪಾಳದಂತೆಯೇ ಕಂಡಿತು.

ಮೇ 28ರ ರಾತ್ರಿ

ಸಭೆಯ ಮೊದಲ ಬೈಠಕ್ ಕಠ್ಮಂಡುವಿನ ನಯಾ ಬಾನೇಶ್ವರದ ಅಂತಾರಾಷ್ಟ್ರೀಯ ಸಮ್ಮೇಳನ ಕೇಂದ್ರದಲ್ಲಿ ಮೇ 28ಕ್ಕೆ ನಿಗದಿಯಾಗಿತ್ತು. ಪಕ್ಷಗಳ ನಡುವಿನ ಚೌಕಾಶಿಯಿಂದ ಗಂಟೆಗಟ್ಟಲೆ ವಿಳಂಬವಾಯಿತು. ಹೊರಗೆ ಬೀದಿಯಲ್ಲಿ ಜನ ಬಾವುಟ ಹಿಡಿದು ಕಾಯುತ್ತಲೇ ಇದ್ದರು. ರಾತ್ರಿ ಗೃಹ ಸಚಿವ ಕೃಷ್ಣ ಪ್ರಸಾದ್ ಸಿಟೌಲಾ ಗಣರಾಜ್ಯ ಘೋಷಣೆಯ ಪ್ರಸ್ತಾವ ಮಂಡಿಸಿದರು. ಪರವಾಗಿ 560, ವಿರೋಧವಾಗಿ ಕೇವಲ 4 ಮತಗಳು ಬಿದ್ದವು. ಅರಮನೆ ತೆರವಿಗೆ ದೊರೆಗೆ 15 ದಿನಗಳ ಗಡುವು ನೀಡಲಾಯಿತು.

ಗಡುವು ಮುಗಿಯುವ ಮುನ್ನವೇ, ಜೂನ್ 11ರಂದು, ಜ್ಞಾನೇಂದ್ರ ಅರಮನೆಯಲ್ಲಿ ಪತ್ರಕರ್ತರನ್ನು ಕರೆದು ತೀರ್ಪಿಗೆ ತಲೆಬಾಗುವುದಾಗಿ ತಿಳಿಸಿದರು. 2001ರ ಹತ್ಯಾಕಾಂಡದಲ್ಲಿ ತಮ್ಮ ಪಾತ್ರವಿದೆಯೆಂಬ ಆರೋಪವನ್ನು ನಿರಾಕರಿಸಿದರು. ಕಿರೀಟವನ್ನೂ ರಾಜದಂಡವನ್ನೂ ಸರ್ಕಾರಕ್ಕೆ ಒಪ್ಪಿಸಿ, ಅಂದು ರಾತ್ರಿಯೇ ನಗರದ ಹೊರವಲಯದ ನಾಗಾರ್ಜುನ ಕಾಡಿನ ನಿವಾಸಕ್ಕೆ ತೆರಳಿದರು. 1950ರಲ್ಲಿ ಅಜ್ಜ ತ್ರಿಭುವನ್ ಭಾರತಕ್ಕೆ ಹೋದಾಗ ಮೂರು ವರ್ಷದ ಕೂಸಾಗಿದ್ದ ಇದೇ ಜ್ಞಾನೇಂದ್ರರಿಗೆ ರಾಣಾ ಪ್ರಧಾನಿ ಕಿರೀಟ ತೊಡಿಸಿದ್ದರು. ಎರಡು ಬಾರಿ ದೊರೆಯಾದವರೇ ಕೊನೆಯ ದೊರೆಯೂ ಆದರು. ಜೂನ್ 15ರಂದು ನಾರಾಯಣಹಿತಿಯನ್ನು ವಸ್ತುಸಂಗ್ರಹಾಲಯವೆಂದು ಘೋಷಿಸಲಾಯಿತು. ಮರುವರ್ಷ ಸಾರ್ವಜನಿಕರಿಗೆ ಅದರ ಬಾಗಿಲು ತೆರೆಯಿತು.

ಹೊಸ ಹುದ್ದೆಗಳು, ಹೊಸ ಮೈತ್ರಿಗಳು

ಒಮ್ಮತದ ರಾಜಕಾರಣ ಅರಮನೆಯ ಬಾಗಿಲಿನಾಚೆ ಮುಂದುವರಿಯಲಿಲ್ಲ. ರಾಷ್ಟ್ರಪತಿ ಯಾರಾಗಬೇಕೆಂಬುದರಲ್ಲೇ ಮನಸ್ತಾಪ ಮೂಡಿತು. ನೇಪಾಳಿ ಕಾಂಗ್ರೆಸ್, ಯುಎಂಎಲ್ ಮತ್ತು ಮಧೇಶಿ ಫೋರಂ ಕೈಜೋಡಿಸಿದ್ದರಿಂದ ಜುಲೈ 21ರ ಎರಡನೇ ಸುತ್ತಿನಲ್ಲಿ ಕಾಂಗ್ರೆಸ್‌ನ ಡಾ. ರಾಮ್ ಬರನ್ ಯಾದವ್ 308 ಮತ ಗಳಿಸಿ, 282 ಮತ ಪಡೆದ ಮಾವೋವಾದಿ ಬೆಂಬಲಿತ ರಾಮರಾಜ ಪ್ರಸಾದ್ ಸಿಂಗ್ ಅವರನ್ನು ಸೋಲಿಸಿದರು. ಉಪರಾಷ್ಟ್ರಪತಿ ಸ್ಥಾನ ಫೋರಂನ ಪರಮಾನಂದ ಝಾ ಅವರಿಗೆ, ಸಭಾಧ್ಯಕ್ಷ ಸ್ಥಾನ ಯುಎಂಎಲ್‌ನ ಸುಭಾಷ್ ನೇಂಬಾಂಗ್ ಅವರಿಗೆ ದೊರೆಯಿತು. ದೇಶದ ಮೊದಲ ಎರಡು ಹುದ್ದೆಗಳಿಗೂ ಮಧೇಶಿಗಳೇ ಬಂದದ್ದು ಆವರೆಗೆ ಊಹಿಸಲಾಗದ ಸಂಗತಿಯಾಗಿತ್ತು. ಆದರೆ ಝಾ ಜುಲೈ 23ರಂದು ಹಿಂದಿಯಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಬೀದಿ ಪ್ರತಿಭಟನೆಗಳಿಗೆ ಕಾರಣವಾಯಿತು. 2010ರಲ್ಲಿ ಅವರು ನೇಪಾಳಿ ಮತ್ತು ಮೈಥಿಲಿ ಭಾಷೆಗಳಲ್ಲಿ ಮತ್ತೆ ಪ್ರಮಾಣ ಸ್ವೀಕರಿಸಿದ ಮೇಲಷ್ಟೇ ವಿವಾದ ತಣ್ಣಗಾಯಿತು.

ಮುಂದಿನ ತಿಂಗಳು ಮೈತ್ರಿಗಳು ಮತ್ತೆ ಬದಲಾದವು. ಆಗಸ್ಟ್ 15ರಂದು ಪ್ರಚಂಡ 464 ಮತಗಳಿಂದ ಪ್ರಧಾನಿಯಾಗಿ ಆಯ್ಕೆಯಾದರು. ಪ್ರತಿಸ್ಪರ್ಧಿ ಶೇರ್ ಬಹಾದ್ದೂರ್ ದೇವುಬಾ ಅವರಿಗೆ ದೊರೆತದ್ದು 113. ಯುಎಂಎಲ್ ಮತ್ತು ಫೋರಂ ಸರ್ಕಾರ ಸೇರಿದವು, ಕಾಂಗ್ರೆಸ್ ವಿರೋಧ ಪಕ್ಷವಾಯಿತು. ನೇಪಾಳದ ಪ್ರಧಾನಿಗಳು ಮೊದಲ ವಿದೇಶ ಪ್ರವಾಸಕ್ಕೆ ದೆಹಲಿಯನ್ನು ಆರಿಸಿಕೊಳ್ಳುವ ಸಂಪ್ರದಾಯ ಮುರಿದ ಪ್ರಚಂಡ, ಒಲಿಂಪಿಕ್ಸ್ ಸಮಾರೋಪಕ್ಕೆಂದು ಬೀಜಿಂಗ್‌ಗೆ ಹೋದರು. ಸೆಪ್ಟೆಂಬರ್‌ನಲ್ಲಿ ದೆಹಲಿಗೆ ಬಂದಾಗ 1950ರ ಭಾರತ-ನೇಪಾಳ ಒಪ್ಪಂದದ ಮರುಪರಿಶೀಲನೆಗೆ ಉಭಯ ದೇಶಗಳೂ ಸಮ್ಮತಿಸಿದವು.

ಕೋಸಿ ಒಡೆದ ದಿನ

ಪ್ರಚಂಡ ಪ್ರಮಾಣವಚನ ಸ್ವೀಕರಿಸಿದ ಆಗಸ್ಟ್ 18ರಂದೇ ಪೂರ್ವದ ಸುನ್ಸರಿ ಜಿಲ್ಲೆಯ ಕುಸಹಾ ಬಳಿ ಕೋಸಿ ನದಿಯ ಒಡ್ಡು ಒಡೆಯಿತು. ಆ ದಿನ ಹರಿಯುತ್ತಿದ್ದ ನೀರು ಸುಮಾರು ಒಂದೂವರೆ ಲಕ್ಷ ಕ್ಯೂಸೆಕ್ಸ್. ಒಡ್ಡುಗಳು ತಾಳಿಕೊಳ್ಳಬೇಕಾಗಿದ್ದ ಪ್ರಮಾಣ ಒಂಬತ್ತೂವರೆ ಲಕ್ಷ. ಎಂದರೆ ಇದು ಮಹಾಪೂರದ ಫಲವಾಗಿರಲಿಲ್ಲ, ದುರಸ್ತಿಯ ನಿರ್ಲಕ್ಷ್ಯದ ಫಲವಾಗಿತ್ತು. 1954ರ ಒಪ್ಪಂದದನ್ವಯ ಒಡ್ಡಿನ ನಿರ್ವಹಣೆ ಭಾರತದ ಕಡೆಯ ಹೊಣೆ, ಸ್ಥಳವಿದ್ದುದು ನೇಪಾಳದಲ್ಲಿ. ದೋಷ ಯಾರದೆಂಬ ವಾದ ನಡೆಯುತ್ತಿದ್ದಂತೆ ನದಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಪೂರ್ವಕ್ಕೆ ಸರಿದು ತನ್ನ ಹಳೆಯ ಪಾತ್ರದಲ್ಲಿ ಹರಿಯಿತು. ನೇಪಾಳದಲ್ಲಿ ಹತ್ತಾರು ಸಾವಿರ ಜನ, ಗಡಿಯಾಚೆಯ ಬಿಹಾರದಲ್ಲಿ ಸುಮಾರು 30 ಲಕ್ಷ ಜನ ಸಂತ್ರಸ್ತರಾದರು. ಪೂರ್ವ-ಪಶ್ಚಿಮ ಹೆದ್ದಾರಿ ತುಂಡಾಯಿತು. ಭಾರತದಿಂದ ವಿದ್ಯುತ್ ತರುವ ತಂತಿಮಾರ್ಗದ ಗೋಪುರಗಳು ಉರುಳಿದವು. ಇದರ ಪೆಟ್ಟು ಚಳಿಗಾಲದಲ್ಲಿ ತಿಳಿಯಿತು: ಡಿಸೆಂಬರ್‌ನಲ್ಲಿ ಸರ್ಕಾರ ವಿದ್ಯುತ್ ಬಿಕ್ಕಟ್ಟು ಘೋಷಿಸಬೇಕಾಯಿತು, 2009ರ ಆರಂಭದಲ್ಲಿ ಕಠ್ಮಂಡು ದಿನಕ್ಕೆ 16 ಗಂಟೆಗಳವರೆಗೆ ಕತ್ತಲಲ್ಲಿತ್ತು.

ಸಂಪ್ರದಾಯದೊಡನೆ ಸಂಘರ್ಷ

ಸೆಪ್ಟೆಂಬರ್ 6ರಂದು ಸರ್ಕಾರ ಪಶ್ಚಿಮ ನೇಪಾಳದ ಹಲಿಯಾ ಪದ್ಧತಿಯನ್ನು ರದ್ದುಪಡಿಸಿತು. ಸಾಲ ತೀರಿಸಲಾಗದೆ ತಲೆಮಾರುಗಳಿಂದ ಒಡೆಯರ ಹೊಲ ಉಳುತ್ತಿದ್ದ, ಬಹುಪಾಲು ದಲಿತರಾದ ಜೀತದಾಳುಗಳಿಗೆ ಇದು ಬಿಡುಗಡೆಯ ದಿನ. ಪುನರ್ವಸತಿ ಮಾತ್ರ ವರ್ಷಗಟ್ಟಲೆ ಎಳೆಯಿತು. ಅದೇ ತಿಂಗಳು ಹಣಕಾಸು ಸಚಿವ ಬಾಬುರಾಮ್ ಭಟ್ಟರಾಯ್ ಇಂದ್ರಜಾತ್ರೆಯ ಬಲಿಪೂಜೆಗೆ ನೀಡುತ್ತಿದ್ದ ಸರ್ಕಾರಿ ಹಣಕ್ಕೆ ಕತ್ತರಿ ಹಾಕಿದಾಗ ಕಠ್ಮಂಡುವಿನ ನೇವಾರರು ಬೀದಿಗಿಳಿದರು. ಸರ್ಕಾರ ಹಿಂದೆ ಸರಿಯಿತು.

ವರ್ಷದ ಕೊನೆಯ ವಿವಾದ ಕನ್ನಡಿಗರಿಗೂ ಸಂಬಂಧಿಸಿದ್ದು. ಪಶುಪತಿನಾಥ ದೇವಾಲಯದ ಗರ್ಭಗುಡಿಯ ಪೂಜೆ ದಕ್ಷಿಣ ಭಾರತದ ಭಟ್ಟರಿಗೆ ಮೀಸಲು. ಆಗ ಆ ಸ್ಥಾನದಲ್ಲಿದ್ದವರು ಕರ್ನಾಟಕ ಮೂಲದವರು. ಡಿಸೆಂಬರ್ ಅಂತ್ಯದಲ್ಲಿ ಅವರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಲಾಯಿತು. ವಿಶೇಷವೆಂದರೆ, ದೇವಾಲಯದ ಸಹಾಯಕ ಸೇವಕರಾದ ನೇಪಾಳದ ಭಂಡಾರಿಗಳೇ ಇದನ್ನು ವಿರೋಧಿಸಿದರು. ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. 2009ರ ಜನವರಿಯಲ್ಲಿ ಪ್ರಚಂಡ ಸರ್ಕಾರ ಹಳೆಯ ಭಟ್ಟರಿಗೇ ಪೂಜೆಯನ್ನು ಮರಳಿ ಒಪ್ಪಿಸಿತು.

ಉಳಿದ ಲೆಕ್ಕ

2008 ಎರಡು ಹೊಣೆಗಳನ್ನು ಮುಂದಿನ ವರ್ಷಗಳಿಗೆ ದಾಟಿಸಿತು. ಮೊದಲನೆಯದು ಎರಡು ಸೇನೆಗಳ ವಿಲೀನ. ಇದೇ ವಿಷಯದ ಜಗ್ಗಾಟದಲ್ಲಿ ಸೇನಾ ಮುಖ್ಯಸ್ಥರ ವಜಾ ಆದೇಶವನ್ನು ರಾಷ್ಟ್ರಪತಿ ತಡೆದಾಗ, 2009ರ ಮೇ 4ರಂದು ಪ್ರಚಂಡ ರಾಜೀನಾಮೆಯಿತ್ತರು. ಕೊನೆಗೆ 19,602 ಹೋರಾಟಗಾರರಲ್ಲಿ ಸೇನೆ ಸೇರಿದವರು ಸುಮಾರು 1,400 ಮಂದಿ ಮಾತ್ರ. ಎರಡನೆಯದು ಸಂವಿಧಾನ. ಎರಡು ವರ್ಷಗಳಲ್ಲಿ ಮುಗಿಯಬೇಕಿದ್ದ ಕೆಲಸ ನಾಲ್ಕು ವರ್ಷಗಳಾದರೂ ಮುಗಿಯದೆ, 2012ರ ಮೇ ತಿಂಗಳಿನಲ್ಲಿ ಸಭೆಯೇ ವಿಸರ್ಜನೆಯಾಯಿತು. ಎರಡನೇ ಸಭೆ ಬರೆದ ಸಂವಿಧಾನ ಜಾರಿಗೆ ಬಂದದ್ದು 2015ರ ಸೆಪ್ಟೆಂಬರ್ 20ರಂದು. ಅದನ್ನೂ ಮಧೇಶಿ ಪಕ್ಷಗಳು ಪ್ರತಿಭಟಿಸಿದವು.

ಸರ್ಕಾರಗಳು ಒಂದರ ಹಿಂದೊಂದು ಉರುಳಿದವು. ಭ್ರಷ್ಟಾಚಾರ ಹಾಗೂ ಸಾಮಾಜಿಕ ಜಾಲತಾಣಗಳ ನಿಷೇಧದ ವಿರುದ್ಧ ಸಿಡಿದೆದ್ದ ಯುವಜನರ ಆಕ್ರೋಶ 2025ರ ಸೆಪ್ಟೆಂಬರ್ 9ರಂದು ಕೆ.ಪಿ. ಶರ್ಮಾ ಓಲಿ ಸರ್ಕಾರವನ್ನು ಕೆಳಗಿಳಿಸಿತು. ಅಂದು ಬೆಂಕಿಗೆ ಆಹುತಿಯಾದ ನಯಾ ಬಾನೇಶ್ವರದ ಸಂಸತ್ ಭವನ, 2008ರ ಮೇ 28ರ ರಾತ್ರಿ ಗಣರಾಜ್ಯ ಹುಟ್ಟಿದ ಅದೇ ಕಟ್ಟಡ. ಆದರೆ ಮೂರು ದಿನಗಳ ಬಳಿಕ ಮಧ್ಯಂತರ ಪ್ರಧಾನಿ ಸುಶೀಲಾ ಕಾರ್ಕಿ ಅವರಿಗೆ ಪ್ರಮಾಣವಚನ ಬೋಧಿಸಿದವರು ದೊರೆಯಲ್ಲ, ರಾಷ್ಟ್ರಪತಿ. ಗಣರಾಜ್ಯ ಹುಟ್ಟಿದ ಕಟ್ಟಡ ಸುಟ್ಟರೂ, 2008 ಸ್ಥಾಪಿಸಿದ ಹುದ್ದೆ ಉಳಿದುಕೊಂಡಿತು.

2008ರ ಪ್ರಮುಖ ದಿನಗಳು

ಫೆಬ್ರವರಿ 28: ಮಧೇಶಿ ಪಕ್ಷಗಳೊಂದಿಗೆ ಎಂಟು ಅಂಶಗಳ ಒಪ್ಪಂದ
ಏಪ್ರಿಲ್ 10: ಸಂವಿಧಾನ ರಚನಾ ಸಭೆಗೆ ಚುನಾವಣೆ
ಮೇ 28: ಗಣರಾಜ್ಯ ಘೋಷಣೆ
ಜೂನ್ 11: ಜ್ಞಾನೇಂದ್ರ ಅರಮನೆಯಿಂದ ನಿರ್ಗಮನ
ಜುಲೈ 21: ರಾಮ್ ಬರನ್ ಯಾದವ್ ಮೊದಲ ರಾಷ್ಟ್ರಪತಿಯಾಗಿ ಆಯ್ಕೆ
ಆಗಸ್ಟ್ 15: ಪ್ರಚಂಡ ಪ್ರಧಾನಿಯಾಗಿ ಆಯ್ಕೆ
ಆಗಸ್ಟ್ 18: ಕೋಸಿ ಒಡ್ಡು ಬಿರುಕು, ಪ್ರವಾಹ
ಸೆಪ್ಟೆಂಬರ್ 6: ಹಲಿಯಾ ಜೀತಪದ್ಧತಿ ರದ್ದು