ಮಕ್ಕಳ ಕ್ರೀಡಾ ಮತ್ತು ಸಾಹಸ ಸಾಹಿತ್ಯ

ಆಟ, ಅಂಗಸಾಧನೆ, ಬಯಲಿನ ಬದುಕು, ಕಾಡು-ಕಡಲುಗಳ ಸಾಹಸ ಇವನ್ನು ವಸ್ತುವಾಗಿಟ್ಟುಕೊಂಡು ಎಳೆಯರಿಗಾಗಿ ಬರೆದ, ಇಲ್ಲವೇ ಎಳೆಯರು ತಾವಾಗಿಯೇ ತಮ್ಮದಾಗಿಸಿಕೊಂಡ ಪುಸ್ತಕಗಳ ಪ್ರಕಾರ. ಆಟದ ನಿಯಮಗಳ ಕೈಪಿಡಿ, ವ್ಯಾಯಾಮ ಪಾಠ, ಶಾಲಾ ಕಾದಂಬರಿ, ದ್ವೀಪದ ಕಥೆ, ಕುದುರೆ ಕಥೆ, ಚಿತ್ರಕಥೆ ಎಲ್ಲವೂ ಇದರಲ್ಲಿ ಸೇರುತ್ತವೆ. ಈ ಪುಸ್ತಕಗಳಿಗೆ ದುಡ್ಡು ಕೊಡುವವರು ಹಿರಿಯರು, ಓದುವವರು ಮಕ್ಕಳು. ಹಿರಿಯರಿಗೆ ಆಟದಿಂದ ಏನಾದರೊಂದು ಪ್ರಯೋಜನ ಆಗಬೇಕು. ಮಕ್ಕಳಿಗೆ ಆಟವಿದ್ದರೆ ಸಾಕು. ಇನ್ನೂರೈವತ್ತು ವರ್ಷಗಳಿಗೂ ಮೀರಿದ ಈ ಪ್ರಕಾರದ ಚರಿತ್ರೆಯನ್ನು ಬಹುಮಟ್ಟಿಗೆ ಈ ಹಗ್ಗಜಗ್ಗಾಟವೇ ನಡೆಸಿಕೊಂಡು ಬಂದಿದೆ.

ಲಂಡನ್ನಿನ ಜಾನ್ ನ್ಯೂಬೆರಿ 1744ರಲ್ಲಿ ಹೊರತಂದ ‘ಎ ಲಿಟಲ್ ಪ್ರಿಟಿ ಪಾಕೆಟ್ ಬುಕ್’ ಇಂಗ್ಲಿಷ್ ಮಕ್ಕಳ ಸಾಹಿತ್ಯದ ಆರಂಭಬಿಂದುಗಳಲ್ಲಿ ಒಂದು. ಅದರ ಬಹುಭಾಗ ಆಟಗಳದ್ದೇ. ಅಕ್ಷರಮಾಲೆಯ ಒಂದೊಂದು ಅಕ್ಷರಕ್ಕೆ ಒಂದು ಆಟ, ಒಂದು ಮರದಚ್ಚಿನ ಚಿತ್ರ, ಆಟದ ಬಗ್ಗೆ ನಾಲ್ಕು ಸಾಲಿನ ಪದ್ಯ, ಕೆಳಗೆ ಒಂದು ನೀತಿ. ‘ಬೇಸ್-ಬಾಲ್’ ಎಂಬ ಹೆಸರು ಅಚ್ಚಿನಲ್ಲಿ ಕಾಣಿಸಿದ, ಈವರೆಗೆ ಗೊತ್ತಿರುವ ಮೊದಲ ಜಾಗ ಇದು. ಹುಡುಗ ಚೆಂಡು ಹೊಡೆದು ಗೂಟದಿಂದ ಗೂಟಕ್ಕೆ ಓಡಿ ಮತ್ತೆ ಮೊದಲಿನ ಜಾಗಕ್ಕೆ ಬಂದು ಸೇರುವುದನ್ನು ಹೇಳಿದ ಮೇಲೆ, ಬ್ರಿಟಿಷ್ ವರ್ತಕರೂ ಲಾಭಕ್ಕಾಗಿ ಕಡಲು ದಾಟಿ ಹೀಗೆಯೇ ಸಂತೋಷದಿಂದ ಮನೆಗೆ ಮರಳುತ್ತಾರೆ ಎಂದು ನೀತಿ ತೆಗೆಯಲಾಗಿದೆ. ಆಟಕ್ಕೂ ಈ ನೀತಿಗೂ ಇರುವ ನಂಟು ಎಳೆದು ಕಟ್ಟಿದ್ದು ಎಂಬುದು ಓದಿದ ಕೂಡಲೇ ಗೊತ್ತಾಗುತ್ತದೆ. ಪುಸ್ತಕದ ಬೆಲೆ ಆರು ಪೆನ್ನಿ. ಎಂಟು ಪೆನ್ನಿ ಕೊಟ್ಟರೆ ಗಂಡುಮಕ್ಕಳಿಗೆ ಒಂದು ಚೆಂಡು, ಹೆಣ್ಣುಮಕ್ಕಳಿಗೆ ಗುಂಡುಸೂಜಿ ಚುಚ್ಚಿಡುವ ಪುಟ್ಟ ದಿಂಬು ಜೊತೆಗೆ ಸಿಗುತ್ತಿತ್ತು. ಎರಡಕ್ಕೂ ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ಕಪ್ಪು. ಒಳ್ಳೆಯ ಕೆಲಸ ಮಾಡಿದಾಗ ಕೆಂಪಿನ ಕಡೆ ಒಂದು ಸೂಜಿ, ತಪ್ಪು ಮಾಡಿದಾಗ ಕಪ್ಪಿನ ಕಡೆ ಒಂದು. ಹತ್ತು ಸೂಜಿಯೂ ಕೆಂಪಿಗೆ ಬಂದರೆ ಒಂದು ಪೆನ್ನಿ ಬಹುಮಾನ, ಕಪ್ಪಿಗೆ ಬಂದರೆ ಬೆತ್ತ. ಹೀಗೆ ಮಾರಾಟದ ಜಾಣ್ಮೆ, ನೀತಿಬೋಧೆ, ಗಂಡು-ಹೆಣ್ಣಿನ ಭೇದ ಮೂರೂ ಒಂದೇ ಪುಸ್ತಕದಲ್ಲಿ ಹುಟ್ಟಿಕೊಂಡವು. ಅಮೆರಿಕದಲ್ಲಿ 1922ರಿಂದ ಕೊಡುತ್ತಿರುವ ಮಕ್ಕಳ ಸಾಹಿತ್ಯದ ಪದಕಕ್ಕೆ ಇದೇ ನ್ಯೂಬೆರಿಯ ಹೆಸರಿದೆ.

ಯುರೋಪಿನ ಭೂಖಂಡದಲ್ಲಿ ದಾರಿ ಬೇರೆಯಾಗಿತ್ತು. ರೂಸೋ ತನ್ನ ‘ಎಮಿಲ್’ (1762) ಕೃತಿಯಲ್ಲಿ ಹುಡುಗನ ಕೈಗೆ ಮೊದಲು ಕೊಡಲು ಒಪ್ಪಿದ ಪುಸ್ತಕ ಒಂದೇ, ಡೆಫೊನ ‘ರಾಬಿನ್ಸನ್ ಕ್ರೂಸೋ’ (1719). ದೊಡ್ಡವರಿಗಾಗಿ ಬರೆದ ಕಾದಂಬರಿಯೊಂದು ಮಕ್ಕಳ ಸಾಹಸಕಥೆಗಳ ಮೂಲಮಾದರಿಯಾಗಲು ಈ ಶಿಫಾರಸೂ ಕಾರಣ. ಜರ್ಮನಿಯ ಷ್ನೆಪ್‌ಫೆನ್‌ಥಾಲ್ ಶಾಲೆಯ ಉಪಾಧ್ಯಾಯ ಗುಟ್ಸ್‌ಮುಥ್ಸ್ 1793ರಲ್ಲಿ ಎಳೆಯರ ಅಂಗಸಾಧನೆಯ ಮೇಲೆ ಬರೆದ ಗ್ರಂಥ ಓಟ, ಜಿಗಿತ, ಹತ್ತುವುದು, ಈಜು ಇವನ್ನು ಶಾಲೆಯ ಪಾಠವಾಗಿಸಿತು. ಮುಂದೆ ಬಂದ ವ್ಯಾಯಾಮ ಕೈಪಿಡಿಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಇದಕ್ಕೆ ಋಣಿ. ಸ್ವಿಟ್ಜರ್ಲೆಂಡಿನ ಪಾದ್ರಿ ಯೋಹಾನ್ ಡೇವಿಡ್ ವೀಸ್ ತನ್ನ ಮಕ್ಕಳಿಗೆಂದು ಕಟ್ಟಿದ ‘ಸ್ವಿಸ್ ಫ್ಯಾಮಿಲಿ ರಾಬಿನ್ಸನ್’ 1812ರಲ್ಲಿ ಅಚ್ಚಾಯಿತು. ಅದರ ದ್ವೀಪದಲ್ಲಿ ಕಾಂಗರೂ, ಪೆಂಗ್ವಿನ್ ಎಲ್ಲ ಒಟ್ಟಿಗೆ ವಾಸವಾಗಿವೆ; ಕಂಡ ಪ್ರಾಣಿಯ ಬಗ್ಗೆಯೆಲ್ಲ ಅಪ್ಪ ಪಾಠ ಹೇಳುತ್ತಾನೆ. ಮಕ್ಕಳು ಪಾಠವನ್ನು ಹಾರಿಸಿ ಮರದ ಮೇಲಿನ ಮನೆಯ ಭಾಗವನ್ನೇ ಮತ್ತೆ ಮತ್ತೆ ಓದಿರಬೇಕು.

ಕ್ರೀಡಾ ಕಾದಂಬರಿಯ ಚೌಕಟ್ಟನ್ನು ಗಟ್ಟಿಮಾಡಿದ್ದು ಥಾಮಸ್ ಹ್ಯೂಸ್. ತಾನು ಓದಿದ ರಗ್ಬಿ ಶಾಲೆಯ ನೆನಪುಗಳಿಂದ, ಶಾಲೆಗೆ ಹೊರಟುನಿಂತಿದ್ದ ಮಗನಿಗಾಗಿ ಅವನು ಬರೆದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ 1857ರಲ್ಲಿ, ಲೇಖಕನ ಹೆಸರಿಲ್ಲದೆ, ‘ಹಳೆಯ ವಿದ್ಯಾರ್ಥಿಯೊಬ್ಬ’ ಬರೆದದ್ದೆಂದು ಹೊರಬಂತು. ಶಾಲೆಗೆ ಕಾಲಿಟ್ಟ ಮೊದಲ ದಿನವೇ ಟಾಮ್ ಫುಟ್‌ಬಾಲ್ ಪಂದ್ಯಕ್ಕೆ ನುಗ್ಗುತ್ತಾನೆ. ನಿಯಮ ಸರಿಯಾಗಿ ಗೊತ್ತಿಲ್ಲ, ಮೈಯಲ್ಲಿ ಬಲವೂ ಇಲ್ಲ; ಗೋಲಿನ ಮುಂದೆ ಚೆಂಡಿನ ಮೇಲೆ ಬಿದ್ದು ದೊಡ್ಡ ಹುಡುಗರ ರಾಶಿಯಡಿ ಸಿಕ್ಕಿ ನಜ್ಜುಗುಜ್ಜಾಗುತ್ತಾನೆ. ಎಬ್ಬಿಸಿ ನೋಡಿದರೆ ಮೂಳೆ ಮುರಿದಿಲ್ಲ, ಮಾನವೂ ಉಳಿದಿದೆ. ಕೊನೆಯ ಭಾಗದಲ್ಲಿ ಅವನೇ ಕ್ರಿಕೆಟ್ ತಂಡದ ನಾಯಕ. ಹೊಸ ಹುಡುಗ, ಪೀಡಿಸುವ ಹಿರಿಯ, ಗೆಳೆತನ, ಕೊನೆಗೊಂದು ಪಂದ್ಯ ಎಂಬ ಈ ಸರಣಿ ಮುಂದಿನ ನೂರು ವರ್ಷ ಕಾದಂಬರಿಕಾರರಿಗೆ ಸಿದ್ಧ ಅಚ್ಚಾಯಿತು. ಮೈ ಗಟ್ಟಿಯಾದರೆ ಮನಸ್ಸೂ ನಡತೆಯೂ ಗಟ್ಟಿಯಾಗುತ್ತವೆ ಎಂಬ ಆ ಕಾಲದ ಕ್ರೈಸ್ತ ನಂಬಿಕೆಯೂ ಇದರೊಂದಿಗೆ ಹರಡಿತು. ಕಾದಂಬರಿ ಹಾಡಿ ಹೊಗಳುವ ಮುಖ್ಯೋಪಾಧ್ಯಾಯ ಥಾಮಸ್ ಆರ್ನಾಲ್ಡನಿಗೆ ಮಾತ್ರ ಆಟಗಳಲ್ಲಿ ಹೇಳಿಕೊಳ್ಳುವಂಥ ಆಸಕ್ತಿ ಇರಲಿಲ್ಲ. ಅವನ ಚಿಂತೆಯೆಲ್ಲ ಧರ್ಮ ಮತ್ತು ಶೀಲದ್ದು. ಇದು ಗೊತ್ತಿಲ್ಲದ ಫ್ರಾನ್ಸಿನ ಕೂಬೆರ್ಟಿನ್ ಕಾದಂಬರಿಯನ್ನು ಓದಿ ಆರ್ನಾಲ್ಡನನ್ನು ಕ್ರೀಡಾಶಿಕ್ಷಣದ ಪಿತಾಮಹ ಎಂದು ನಂಬಿದ, 1880ರ ದಶಕದಲ್ಲಿ ರಗ್ಬಿಗೆ ಯಾತ್ರೆಯನ್ನೂ ಮಾಡಿದ. ಅವನ ಯತ್ನದಿಂದ ನಡೆದ 1896ರ ಅಥೆನ್ಸ್ ಒಲಿಂಪಿಕ್ಸ್‌ನ ಹಿಂದಿನ ಪ್ರೇರಣೆಗಳಲ್ಲಿ ಹೀಗೆ ಒಂದು ಶಾಲಾ ಕಥೆಯೂ ಇದೆ.

ಅಗ್ಗದ ರೋಚಕ ಕಥೆಗಳಿಂದ ಹುಡುಗರನ್ನು ಬಿಡಿಸಲು ಧಾರ್ಮಿಕ ಪ್ರಕಾಶನ ಸಂಸ್ಥೆಯೊಂದು 1879ರ ಜನವರಿಯಲ್ಲಿ ‘ಬಾಯ್ಸ್ ಓನ್ ಪೇಪರ್’ ಎಂಬ ಒಂದು ಪೆನ್ನಿಯ ವಾರಪತ್ರಿಕೆ ಆರಂಭಿಸಿತು. ಮೊದಲ ಸಂಚಿಕೆಯ ಮೊದಲ ಪುಟದಲ್ಲಿ ದೇವರ ಮಾತಿರಲಿಲ್ಲ, ಟಾಲ್ಬಟ್ ಬೇನ್ಸ್ ರೀಡ್ ಬರೆದ ಫುಟ್‌ಬಾಲ್ ಪಂದ್ಯದ ಕಥೆಯಿತ್ತು. ಏನು ಮಾರಾಟವಾಗುತ್ತದೆಂದು ಧರ್ಮಪ್ರಚಾರಕರಿಗೂ ಅರ್ಥವಾಗಿತ್ತು. ಪತ್ರಿಕೆ 1967ರವರೆಗೆ ನಡೆಯಿತು. ಪಿ.ಜಿ. ವುಡ್‌ಹೌಸ್‌ನ ಬರವಣಿಗೆಯ ಆರಂಭವೂ ಇಂಥ ಶಾಲಾ ಕ್ರೀಡಾಕಥೆಗಳಿಂದಲೇ. ಅವನ ಮೊದಲ ಕಾದಂಬರಿ ‘ದಿ ಪಾಟ್‌ಹಂಟರ್ಸ್’ (1902) ಕಳುವಾದ ಕ್ರೀಡಾ ಬಹುಮಾನಗಳ ಸುತ್ತ ಹೆಣೆದದ್ದು. ಅಮೆರಿಕದಲ್ಲಿ ಗಿಲ್ಬರ್ಟ್ ಪ್ಯಾಟನ್ 1896ರಲ್ಲಿ ಗುಪ್ತನಾಮದಲ್ಲಿ ಸೃಷ್ಟಿಸಿದ ಫ್ರಾಂಕ್ ಮೆರಿವೆಲ್ ಎಲ್ಲ ಆಟಗಳಲ್ಲೂ ನಿಪುಣ, ದುಶ್ಚಟಗಳಿಲ್ಲದವನು, ಕೊನೆಯ ಗಳಿಗೆಯಲ್ಲಿ ತಂಡವನ್ನು ಗೆಲ್ಲಿಸುವವನು. ಸಾಹಿತ್ಯವಾಗಿ ಇವು ತೆಳು. ಓದುಗರನ್ನು ಹುಟ್ಟಿಸಿದ್ದು ಮಾತ್ರ ಇವೇ.

ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಭಾವಿ ಸಾಹಸ ಪುಸ್ತಕ ಕಾದಂಬರಿಯಲ್ಲ, ಕೈಪಿಡಿ. ಸೇನಾಧಿಕಾರಿ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಪ್ರಾಯೋಗಿಕ ಶಿಬಿರ ನಡೆಸಿ, 1908ರ ಜನವರಿಯಿಂದ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕವನ್ನು ಆರು ಕಂತುಗಳಲ್ಲಿ ಪ್ರಕಟಿಸಿದ. ಬೆಂಕಿ ಹೊತ್ತಿಸುವುದು, ಹೆಜ್ಜೆಗುರುತು ಓದುವುದು, ಗಂಟು ಹಾಕುವುದು, ಹಲ್ಲುಜ್ಜುವುದು ಎಲ್ಲವೂ ಬಿಡಾರದ ಬೆಂಕಿಯ ಮುಂದೆ ಹೇಳುವ ಹರಟೆಯ ಧಾಟಿಯಲ್ಲಿವೆ. ಕಿಪ್ಲಿಂಗನ ‘ಕಿಮ್’ ಕಾದಂಬರಿಯಲ್ಲಿ ಶಿಮ್ಲಾದ ರತ್ನವ್ಯಾಪಾರಿ ಹುಡುಗನಿಗೆ ಕಲಿಸುವ ಆಟವೊಂದನ್ನೂ ಅವನು ಎತ್ತಿಕೊಂಡ: ತಟ್ಟೆಯಲ್ಲಿ ಹಲವು ವಸ್ತುಗಳನ್ನಿಟ್ಟು ಒಂದು ನಿಮಿಷ ತೋರಿಸಿ ಮುಚ್ಚಬೇಕು, ನೋಡಿದವರು ನೆನಪಿನಿಂದ ಪಟ್ಟಿ ಮಾಡಬೇಕು. ಸ್ಕೌಟ್ ಶಿಬಿರಗಳಲ್ಲಿ ಇಂದಿಗೂ ಇದನ್ನು ಆಡಿಸುತ್ತಾರೆ. ಪುಸ್ತಕದ ಉದ್ದೇಶ ಸಾಮ್ರಾಜ್ಯಕ್ಕೆ ಗಟ್ಟಿ ಪ್ರಜೆಗಳನ್ನು ತಯಾರಿಸುವುದು. ಹುಡುಗರು ಓದಿದ್ದು ಮನೆಯಿಂದ ಹೊರಬೀಳಲು ಸಿಕ್ಕ ಪರವಾನಗಿ ಎಂದು. ಯಾರೂ ಹೇಳುವ ಮೊದಲೇ ಊರೂರುಗಳಲ್ಲಿ ತಾವೇ ದಳ ಕಟ್ಟಿಕೊಂಡರು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮೇಳಕ್ಕೆ ಹುಡುಗಿಯರೂ ಕರೆಯದೆ ಬಂದು ನಿಂತರು, ಮರುವರ್ಷ ಗರ್ಲ್ ಗೈಡ್ಸ್ ಹುಟ್ಟಿತು. ಭಾರತದಲ್ಲಿ ಸ್ಕೌಟ್ ಚಳವಳಿ 1909ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತಾದರೂ ಮೊದಲು ಭಾರತೀಯ ಹುಡುಗರಿಗೆ ಪ್ರವೇಶವಿರಲಿಲ್ಲ. ಆ ಬಾಗಿಲು ತೆರೆಸಿದವರಲ್ಲಿ ಆನಿ ಬೆಸೆಂಟ್ ಪ್ರಮುಖರು.

ಆರ್ಥರ್ ರ‍್ಯಾನ್ಸಮ್‌ನ ‘ಸ್ವಾಲೋಸ್ ಅಂಡ್ ಅಮೆಜಾನ್ಸ್’ (1930) ಹಿರಿಯರನ್ನು ಕಥೆಯ ಅಂಚಿಗೆ ಸರಿಸಿತು. ಇಂಗ್ಲೆಂಡಿನ ಸರೋವರ ಪ್ರಾಂತದಲ್ಲಿ ರಜೆ ಕಳೆಯಲು ಬಂದ ನಾಲ್ವರು ಮಕ್ಕಳಿಗೆ ದೋಣಿ ನಡೆಸಿ ದ್ವೀಪದಲ್ಲಿ ತಂಗಲು ನೌಕಾಪಡೆಯ ಅಪ್ಪ ಟೆಲಿಗ್ರಾಂ ಮೂಲಕ ಒಪ್ಪಿಗೆ ಕೊಡುತ್ತಾನೆ, ಅಷ್ಟೇ ಅವನ ಪಾತ್ರ. ಹಾಯಿ ಬಿಚ್ಚುವುದು, ಗಾಳಿಗೆ ಎದುರಾಗಿ ಓರೆಯಾಗಿ ಸಾಗುವುದು, ಇರುಳಲ್ಲಿ ದೀಪಗಳ ಗುರುತಿನ ಮೇಲೆ ದೋಣಿಯನ್ನು ದಡಕ್ಕೆ ತರುವುದು ಇವನ್ನೆಲ್ಲ ಲೇಖಕ ಎಷ್ಟು ಬಿಡಿಸಿ ಬರೆದಿದ್ದಾನೆಂದರೆ ನೀರನ್ನೇ ಕಾಣದ ಮಗುವೂ ದೋಣಿ ನಡೆಸಬಲ್ಲೆ ಅಂದುಕೊಳ್ಳುತ್ತದೆ. ಈ ಮಾಲೆಯ ಆರನೆಯ ಪುಸ್ತಕ ‘ಪಿಜನ್ ಪೋಸ್ಟ್’ ಬ್ರಿಟನ್ನಿನ ಮೊದಲ ಕಾರ್ನೆಗಿ ಪದಕ ಪಡೆಯಿತು. ಓದುಗರು ಪ್ರತಿಕ್ರಿಯಿಸಿದ ಬಗೆ ಇನ್ನೂ ಸೊಗಸು. ಕ್ಯಾಥರೀನ್ ಹಲ್, ಪಮೇಲಾ ವಿಟ್‌ಲಾಕ್ ಎಂಬ ಇಬ್ಬರು ಶಾಲಾ ಹುಡುಗಿಯರು ಅದೇ ಧಾಟಿಯಲ್ಲಿ, ದೋಣಿಯ ಬದಲು ಕುದುರೆಮರಿಗಳನ್ನಿಟ್ಟು ತಾವೇ ಒಂದು ಕಾದಂಬರಿ ಬರೆದು ರ‍್ಯಾನ್ಸಮ್‌ಗೆ ಕಳಿಸಿದರು. ಅವನು ಅದನ್ನು ತನ್ನ ಪ್ರಕಾಶಕರ ಬಳಿಗೆ ಒಯ್ದ. ‘ದಿ ಫಾರ್ ಡಿಸ್ಟಂಟ್ ಆಕ್ಸಸ್’ 1937ರಲ್ಲಿ ಅಚ್ಚಾಯಿತು. ಭಾರತದ ಇಂಗ್ಲಿಷ್ ಓದುವ ಮಕ್ಕಳಿಗೆ ಹೆಚ್ಚು ಪರಿಚಿತವಾದದ್ದು 1942ರಲ್ಲಿ ಶುರುವಾದ ಎನಿಡ್ ಬ್ಲೈಟನ್ನಳ ‘ಫೇಮಸ್ ಫೈವ್’. ಅದರಲ್ಲಿ ಕೌಶಲಕ್ಕಿಂತ ಬುತ್ತಿಯ ವರ್ಣನೆ ಹೆಚ್ಚು.

ಹೆಣ್ಣುಮಕ್ಕಳಿಗೆ ಮೈದಾನ ತಡವಾಗಿ ಸಿಕ್ಕಿತು, ಪುಸ್ತಕದಲ್ಲಿ ಮಾತ್ರ ಒಮ್ಮೊಮ್ಮೆ ಬೇಗ ಸಿಕ್ಕಿತು. ಎನಿಡ್ ಬ್ಯಾಗ್‌ನೋಲ್ಡಳ ‘ನ್ಯಾಷನಲ್ ವೆಲ್ವೆಟ್’ (1935) ಕಾದಂಬರಿಯ ಹುಡುಗಿ ಗಂಡುವೇಷ ಹಾಕಿ ಗ್ರ್ಯಾಂಡ್ ನ್ಯಾಷನಲ್ ಕುದುರೆ ಓಟದಲ್ಲಿ ಮೊದಲು ಬರುತ್ತಾಳೆ, ಆದರೆ ಗೆಲುವು ದಕ್ಕುವುದಿಲ್ಲ. ನಿಜವಾದ ಓಟದಲ್ಲಿ ಮಹಿಳೆಯೊಬ್ಬಳು ಸವಾರಿ ಮಾಡಿದ್ದು 1977ರಲ್ಲಿ, ಗೆದ್ದದ್ದು 2021ರಲ್ಲಿ. ಅಮೆರಿಕದಲ್ಲಿ ಶಾಲಾ ಕಾಲೇಜುಗಳಲ್ಲಿ ಲಿಂಗಭೇದವನ್ನು ನಿಷೇಧಿಸಿದ ‘ಟೈಟಲ್ ನೈನ್’ ಕಾನೂನು ಬಂದ 1972ರಲ್ಲೇ, ಹುಡುಗಿಯರು ಫುಟ್‌ಬಾಲ್ ತಂಡ ಕಟ್ಟುವ ಆರ್.ಆರ್. ನಡ್ಸನ್‌ಳ ‘ಜ್ಯಾನ್‌ಬಾಲರ್’ ಹೊರಬಂತು.

ಅಮೆರಿಕದ ಹುಡುಗರ ಕ್ರೀಡಾಕಥೆಯನ್ನು ಮೆರಿವೆಲ್‌ನ ಸಕ್ಕರೆಪಾಕದಿಂದ ಹೊರಗೆಳೆದವನು ಜಾನ್ ಟ್ಯೂನಿಸ್. ‘ದಿ ಕಿಡ್ ಫ್ರಮ್ ಟಾಮ್‌ಕಿನ್ಸ್‌ವಿಲ್’ (1940) ಮತ್ತು ಅನಂತರದ ಕಾದಂಬರಿಗಳಲ್ಲಿ ಗಾಯ, ಸೋಲು, ಕರಿಯರ ಮತ್ತು ಯಹೂದಿಗಳ ಬಗೆಗಿನ ದ್ವೇಷ ಇವಕ್ಕೆಲ್ಲ ಜಾಗ ಸಿಕ್ಕಿತು. ಮ್ಯಾಟ್ ಕ್ರಿಸ್ಟೋಫರ್ 1954ರಿಂದ ನೂರಕ್ಕೂ ಹೆಚ್ಚು ಕ್ರೀಡಾ ಪುಸ್ತಕಗಳನ್ನು ಬರೆದ. ಕಾಡಿನ ಕಡೆ ಜೀನ್ ಕ್ರೇಗ್‌ಹೆಡ್ ಜಾರ್ಜಳ ‘ಮೈ ಸೈಡ್ ಆಫ್ ದಿ ಮೌಂಟನ್’ (1959), ಗ್ಯಾರಿ ಪಾಲ್ಸನ್‌ನ ‘ಹ್ಯಾಚೆಟ್’ (1987) ಒಂಟಿ ಮಗುವಿನ ಉಳಿವಿನ ಕಥೆಗಳು. ಪದ್ಯರೂಪದಲ್ಲಿ ಬರೆದ ಬಾಸ್ಕೆಟ್‌ಬಾಲ್ ಕಾದಂಬರಿ, ಕ್ವಾಮೆ ಅಲೆಕ್ಸಾಂಡರ್‌ನ ‘ದಿ ಕ್ರಾಸ್‌ಓವರ್’, 2015ರಲ್ಲಿ ನ್ಯೂಬೆರಿ ಪದಕ ಗಳಿಸಿತು. ಜಪಾನಿನಲ್ಲಿ ಈ ಪ್ರಕಾರ ಬೆಳೆದದ್ದು ಚಿತ್ರಕಥೆಯಾಗಿ. 1966ರ ಬೇಸ್‌ಬಾಲ್ ಕಥೆ ‘ಕ್ಯೋಜಿನ್ ನೊ ಹೋಶಿ’ಯನ್ನು ಕ್ರಿಕೆಟ್‌ಗೆ ಬದಲಾಯಿಸಿ 2012ರಲ್ಲಿ ಭಾರತದ ಟಿವಿಗೆ ‘ಸೂರಜ್’ ಎಂಬ ಕಾರ್ಟೂನನ್ನೂ ಮಾಡಲಾಯಿತು.

ಭಾರತದ ಕೃತಿಗಳಲ್ಲಿ ಆರ್.ಕೆ. ನಾರಾಯಣ್ ಮೈಸೂರಿನಲ್ಲಿದ್ದು ಬರೆದ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಮಕ್ಕಳ ಪುಸ್ತಕವೆಂದು ಹೊರಬಂದದ್ದಲ್ಲ, ಆದರೂ ಹುಡುಗರ ಕ್ರಿಕೆಟ್ ಬಗ್ಗೆ ಇದಕ್ಕಿಂತ ನಿಜವಾದ ಕಥೆ ಸಿಗುವುದು ಕಷ್ಟ. ಮಾಲ್ಗುಡಿಯ ಹುಡುಗರು ತಂಡಕ್ಕೆ ಎಂ.ಸಿ.ಸಿ. (ಮಾಲ್ಗುಡಿ ಕ್ರಿಕೆಟ್ ಕ್ಲಬ್) ಎಂದು ಹೆಸರಿಟ್ಟುಕೊಂಡು ಮದರಾಸಿನ ಅಂಗಡಿಗೆ ಬ್ಯಾಟು-ಚೆಂಡು ಕಳಿಸಿರೆಂದು ಕಾಗದ ಬರೆಯುತ್ತಾರೆ. ಮುಂಗಡ ಹಣ ಕಳಿಸಿ ಎಂಬ ಉತ್ತರ ಬಂದಾಗ ಅದರ ತಲೆಬುಡ ತಿಳಿಯದೆ, ಬೇರೆ ಯಾರಿಗೋ ಹೋಗಬೇಕಾದ ಪತ್ರ ತಪ್ಪಿ ತಮಗೆ ಬಂದಿದೆ ಎಂದು ಭಾವಿಸಿ ವಾಪಸು ಕಳಿಸಿಬಿಡುತ್ತಾರೆ. ಸ್ವಾಮಿಗೆ ಅಭ್ಯಾಸಕ್ಕೆ ಹೋಗಲು ಬಿಡದ ಅಡ್ಡಿ ಯಾವುದೆಂದರೆ ಶಾಲೆಯ ಡ್ರಿಲ್ ತರಗತಿ! ಡ್ರಿಲ್ ತಪ್ಪಿಸಿದ್ದಕ್ಕೆ ಹೊಡೆಯಬಂದ ಹೆಡ್‌ಮಾಸ್ತರರ ಬೆತ್ತ ಕಿತ್ತೆಸೆದು ಓಡಿಹೋಗಿ, ಕಾಡಿನ ದಾರಿಯಲ್ಲಿ ತಪ್ಪಿಸಿಕೊಂಡು, ಕೊನೆಗೆ ಪಂದ್ಯವನ್ನೇ ಕಳೆದುಕೊಳ್ಳುತ್ತಾನೆ. ಮೆರಿವೆಲ್ ಮಾದರಿಯ ಕೊನೆಯ ಗಳಿಗೆಯ ಗೆಲುವನ್ನು ನಾರಾಯಣ್ ಹೀಗೆ ಸದ್ದಿಲ್ಲದೆ ತಲೆಕೆಳಗು ಮಾಡಿದರು. ಶಂಕರ್ ನಾಗ್ 1980ರ ದಶಕದಲ್ಲಿ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಮೂಲಕ, ಮಾಸ್ಟರ್ ಮಂಜುನಾಥನ ಮುಖದಲ್ಲಿ, ಈ ಕಥೆ ಕನ್ನಡಿಗರ ಮನೆಮನೆಗೆ ಬಂತು.

ಈ ಪ್ರಕಾರವನ್ನು ಗಂಭೀರವಾಗಿ ಬೆಳೆಸಿದ ಭಾರತೀಯ ಭಾಷೆ ಬಂಗಾಳಿ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಚಾಂದೇರ್ ಪಹಾಡ್’ (1937) ಹಳ್ಳಿಯ ತರುಣ ಶಂಕರನನ್ನು ಆಫ್ರಿಕಾದ ರೈಲು ಕೆಲಸಕ್ಕೂ ಅಲ್ಲಿಂದ ಬೆಟ್ಟಗಾಡಿಗೂ ಒಯ್ಯುತ್ತದೆ. ಲೇಖಕರು ಆಫ್ರಿಕಾವನ್ನು ಕಂಡವರಲ್ಲ. ಆನಂದಬಜಾರ್ ಪತ್ರಿಕೆಯ ಕ್ರೀಡಾ ಸಂಪಾದಕರಾಗಿದ್ದ ಮತಿ ನಂದಿ ಫುಟ್‌ಬಾಲ್, ಕ್ರಿಕೆಟ್, ಈಜು ಕುರಿತು ಕಾದಂಬರಿಗಳ ಸಾಲನ್ನೇ ಬರೆದರು. ‘ಕೋನಿ’ಯಲ್ಲಿ ಕೊಳೆಗೇರಿಯ ಹುಡುಗಿಯೊಬ್ಬಳನ್ನು ಗುರು ಖಿತೀಶ್ ಸಿಂಹ ಈಜುಗಾರ್ತಿಯಾಗಿ ತಯಾರು ಮಾಡುತ್ತಾನೆ, ಹಸಿವು, ಕ್ಲಬ್ಬುಗಳ ಒಳರಾಜಕೀಯ, ಆಯ್ಕೆಗಾರರ ಪಕ್ಷಪಾತ ಏನನ್ನೂ ನಂದಿ ಮುಚ್ಚಿಡುವುದಿಲ್ಲ. ಸೌಮಿತ್ರ ಚಟರ್ಜಿ ಗುರುವಾಗಿ ನಟಿಸಿದ ಚಲನಚಿತ್ರವೂ ಬಂತು. ಪಶ್ಚಿಮ ಬಂಗಾಳದ ಹತ್ತನೆಯ ತರಗತಿಗೆ ಕಾದಂಬರಿ ಪಠ್ಯವಾದ ಮೇಲೆ ಮಕ್ಕಳು ಕೋನಿಯ ಗುಣಸ್ವಭಾವದ ಮೇಲೆ ಪರೀಕ್ಷೆಯಲ್ಲಿ ಉತ್ತರ ಬರೆಯುತ್ತಿದ್ದಾರೆ.

ಕನ್ನಡದಲ್ಲಿ ಮಕ್ಕಳ ಕ್ರೀಡಾ ಕಾದಂಬರಿ ಇಂಥದೊಂದು ಧಾರೆಯಾಗಿ ಬೆಳೆಯಲಿಲ್ಲ. ಸಾಹಸದ ಹಸಿವನ್ನು ತಣಿಸಿದ್ದು ಹೆಚ್ಚಾಗಿ ಕಾಡು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಬಾಲ್ಯದ ಕಾಡಿನ ತಿರುಗಾಟ, ಬೇಟೆಗಳ ನೆನಪು. ಬೆಂಗಳೂರಿನಲ್ಲೇ ನೆಲೆಸಿದ್ದ ಕೆನೆತ್ ಆಂಡರ್ಸನ್‌ನ ಬೇಟೆಯ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕಥೆಗಳು’ ಮಾಲೆಯಾಗಿ ಕನ್ನಡಕ್ಕೆ ತಂದರು. ದೊಡ್ಡವರಿಗೆಂದು ಬರೆದ ಇವನ್ನು ಹೈಸ್ಕೂಲು ಮಕ್ಕಳು ಕೈಯಿಂದ ಕೈಗೆ ದಾಟಿಸಿ ಓದಿದರು. ಕಥೆಯ ಚಿರತೆ ಹಿಮಾಲಯದ್ದಲ್ಲ, ಬಸ್ಸಿನ ಬೋರ್ಡಿನ ಮೇಲೆ ದಿನಾ ಕಾಣುವ ಜಾಲಹಳ್ಳಿಯದು, ಮಾಗಡಿಯದು ಎಂಬುದೂ ಇದಕ್ಕೆ ಕಾರಣ. ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಬುಗುರಿಗಳಿಗೆ ಮಾತ್ರ ಇಂಥ ಅದೃಷ್ಟ ಬರಲಿಲ್ಲ. ಅವುಗಳ ನಿಯಮ, ಪರಿಭಾಷೆ, ಊರಿಂದೂರಿಗೆ ಬದಲಾಗುವ ಹೆಸರುಗಳು ಹೆಚ್ಚಾಗಿ ದಾಖಲಾಗಿರುವುದು ಜಾನಪದ ಗ್ರಂಥಗಳಲ್ಲಿ, ಸಂಶೋಧಕರಿಗಾಗಿ.